ಹಕ್ಕಿಗೆ ಎಷ್ಟು ಮಿ.ಮೀ. ಲೆನ್ಸ್? 300ರಿಂದ 600ಕ್ಕೆ ಹೋಗುವ ಮುನ್ನ

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 70-300 ಮಿ.ಮೀ. ಲೆನ್ಸ್ ಇವೆ. ಹಕ್ಕಿಗಳು ಫ್ರೇಮಿನಲ್ಲಿ ತೀರಾ ಚಿಕ್ಕದಾಗಿ ಬರುತ್ತವೆ, ಕ್ರಾಪ್ ಮಾಡಿದರೆ ಮಸುಕು. 150-600 ಜೂಮ್ ಕೊಳ್ಳಲೇ, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿರುವ ಹಳೆಯ 500 ಎಫ್/4 ಕೊಳ್ಳಲೇ, ಇಲ್ಲ 300 ಎಫ್/4 ಜೊತೆಗೆ 2ಎಕ್ಸ್ ಟೆಲಿಕನ್ವರ್ಟರ್ ಹಾಕಲೇ? ಮರದ ನೆರಳಲ್ಲಿ ಎಫ್/6.3 ಸಾಲುತ್ತದೆಯೇ? ಟ್ರೈಪಾಡ್ ಇಲ್ಲದೆ ಆಗುವುದಿಲ್ಲವೇ? ಇನ್ನೊಂದು, ಶುರುವಿನಲ್ಲಿದ್ದ ಖುಷಿ ಈಗ ಇಲ್ಲ. ಸಾವಿರ ಚಿತ್ರ ತೆಗೆದು ತಂದರೂ ಒಂದೂ ಮನಸ್ಸಿಗೆ ಹಿಡಿಸುವುದಿಲ್ಲ.

ಉತ್ತರ:

ಮೂರರಲ್ಲಿ ಒಂದು ಎಂದರೆ 150-600 ವರ್ಗದ ಜೂಮನ್ನೇ ಆರಿಸಿ. ಕಾರಣ ಮುಂದೆ ಹೇಳುತ್ತೇನೆ. ಆದರೆ ಕೊಳ್ಳುವ ಮುಂಚೆಯೇ ಒಂದು ವಿಷಯ ಗೊತ್ತಿರಲಿ: ಹೊಸ ಲೆನ್ಸ್ ನಿಮ್ಮ ಮೊದಲ ದೂರನ್ನು ಮಾತ್ರ ನೀಗಿಸುತ್ತದೆ, ಹಕ್ಕಿ ದೊಡ್ಡದಾಗಿ ಬರುತ್ತದೆ. ಮಸುಕಿಗೆ ಮದ್ದು ಬೇರೆ ಇದೆ. ಕೈನಡುಕದಿಂದಲೋ ಬಿಸಿಗಾಳಿಯಿಂದಲೋ 300ರಲ್ಲಿ ಬರುತ್ತಿದ್ದ ಮಸುಕು 600ರಲ್ಲಿ ಹಕ್ಕಿಯ ಜೊತೆಗೆ ತಾನೂ ಎರಡರಷ್ಟು ದೊಡ್ಡದಾಗುತ್ತದೆ.

ಮೊದಲು ದೂರದ ಲೆಕ್ಕ

ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಮೂಡುತ್ತದೆ ಎಂದು ತಿಳಿಯಲು ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆ) ಹಕ್ಕಿಯ ಉದ್ದದಿಂದ ಗುಣಿಸಿ, ದೂರದಿಂದ ಭಾಗಿಸಿ. 15 ಸೆಂ.ಮೀ. ಉದ್ದದ ಗುಬ್ಬಚ್ಚಿ 10 ಮೀಟರ್ ದೂರದಲ್ಲಿ ಕೂತಿದೆ ಎನ್ನಿ. 300 ಮಿ.ಮೀ. ಲೆನ್ಸ್ ಅದನ್ನು ಸೆನ್ಸರ್ ಮೇಲೆ 4.5 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. ನಿಮ್ಮ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ., ಅದರಲ್ಲಿ 6000 ಪಿಕ್ಸೆಲ್. ಹಾಗಾಗಿ ಗುಬ್ಬಚ್ಚಿಗೆ ಸಿಗುವುದು ಸುಮಾರು 1150 ಪಿಕ್ಸೆಲ್, ಚಿತ್ರದ ಅಗಲದಲ್ಲಿ ಐದರಲ್ಲೊಂದು ಪಾಲು. ಅದೇ ಹಕ್ಕಿ 20 ಮೀಟರ್ ದೂರದಲ್ಲಿದ್ದರೆ 575 ಪಿಕ್ಸೆಲ್. ಗರಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಹಕ್ಕಿಯ ಮೈಮೇಲೆ ಕನಿಷ್ಠ ಸಾವಿರ, ಸಾವಿರದ ಐನೂರು ಪಿಕ್ಸೆಲ್ ಬೀಳಬೇಕು. ಐನೂರರಲ್ಲಿ ಗುರುತು ಹಿಡಿಯುವಷ್ಟು ಚಿತ್ರ ಸಿಗುತ್ತದೆ, ಅದನ್ನು ಹಿಗ್ಗಿಸಿ ನೋಡಿದರೆ ನೀವು ಹೇಳುವ ಮಸುಕು ಕಾಣುತ್ತದೆ.

ಈ ಸೂತ್ರದಲ್ಲಿ ಫೋಕಲ್ ಲೆಂತಿಗೂ ದೂರಕ್ಕೂ ಸಮಾನ ತೂಕ. 300ರಿಂದ 600ಕ್ಕೆ ಹೋಗುವುದೂ ಒಂದೇ, 20 ಮೀಟರ್‌ನಿಂದ 10 ಮೀಟರ್‌ಗೆ ಸರಿಯುವುದೂ ಒಂದೇ. ಆದರೆ ಹತ್ತಿರ ಸರಿದರೆ ಇನ್ನೊಂದು ಲಾಭವಿದೆ, ಲೆನ್ಸಿಗೂ ಹಕ್ಕಿಗೂ ನಡುವಿನ ಗಾಳಿಯೂ ಅರ್ಧವಾಗುತ್ತದೆ. 600ರ ಲೆನ್ಸಿನಿಂದ 40 ಮೀಟರ್ ದೂರದ ಚಿಕ್ಕ ಹಕ್ಕಿಯನ್ನು ತೆಗೆದವರು ಚಿತ್ರ ಚೆನ್ನಾಗಿಲ್ಲ ಎಂದು ಲೆನ್ಸನ್ನು ಬೈಯುವುದುಂಟು. ಅಲ್ಲಿ ಸೋತದ್ದು ಬಹುಪಾಲು ಲೆನ್ಸಲ್ಲ, ದೂರ.

ಅದೇ ಲೆಕ್ಕದಿಂದ ಇನ್ನೊಂದು ತೀರ್ಮಾನಕ್ಕೂ ಬರಬಹುದು. 300ರಿಂದ 400ಕ್ಕೆ ಹೋದರೆ ಹಕ್ಕಿ ಮೂರನೇ ಒಂದು ಪಾಲು ಮಾತ್ರ ಹಿಗ್ಗುತ್ತದೆ, 500ರಿಂದ 600ಕ್ಕೆ ಹೋದರೆ ಐದನೇ ಒಂದು ಪಾಲು. 300ರಿಂದ 600 ಎಂದರೆ ನೇರ ಎರಡರಷ್ಟು, ವಿಸ್ತೀರ್ಣದಲ್ಲಿ ನಾಲ್ಕರಷ್ಟು. ಆದ್ದರಿಂದ ನಿಮ್ಮ ಹಾಗೆ 300 ಇಟ್ಟುಕೊಂಡವರು ನಡುವೆ 400ರಲ್ಲಿ ಒಮ್ಮೆ ನಿಂತು ಮತ್ತೆ ಬದಲಿಸುವುದು ಬೇಡ. 500ಕ್ಕೋ 600ಕ್ಕೋ ಒಂದೇ ಸಲ ಹೋಗಿ.

ಎಪಿಎಸ್-ಸಿ ಕ್ಯಾಮೆರಾದಲ್ಲಿ 300ರ ಲೆನ್ಸ್ 450 ಆಗುತ್ತದೆ ಎಂಬ ಮಾತನ್ನು ಎಚ್ಚರದಿಂದ ಕೇಳಿ. ಫೋಕಲ್ ಲೆಂತ್ ಬದಲಾಗುವುದಿಲ್ಲ, ಕಾಣುವ ಕೋನ ಕಿರಿದಾಗುತ್ತದೆ, ಅಷ್ಟೆ. ಹಕ್ಕಿ ತೆಗೆಯುವವರಿಗೆ ನಿಜವಾದ ಲಾಭ ಪಿಕ್ಸೆಲ್‌ಗಳ ಒತ್ತಣೆಯಲ್ಲಿದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ (ಎಪಿಎಸ್-ಸಿಗಿಂತ ದೊಡ್ಡ) ಸೆನ್ಸರಿನಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 6 ಮೈಕ್ರಾನ್, ನಿಮ್ಮದರಲ್ಲಿ ಸುಮಾರು 3.9. ಅದೇ ಲೆನ್ಸ್, ಅದೇ ದೂರ ಇದ್ದರೂ ಹಕ್ಕಿಯ ಮೇಲೆ ನಿಮ್ಮ ಕ್ಯಾಮೆರಾ ಹೆಚ್ಚು ಪಿಕ್ಸೆಲ್ ಹಾಕುತ್ತದೆ. ಹಾಗಾಗಿ ಬೆಳಕು ಚೆನ್ನಾಗಿರುವಾಗ ದೂರದ ಹಕ್ಕಿಗೆ ನಿಮ್ಮ ಬಾಡಿ ಕಡಿಮೆಯದೇನಲ್ಲ, ಅದನ್ನು ಈಗಲೇ ಬದಲಿಸಬೇಕಿಲ್ಲ.

ಮೂರು ಆಯ್ಕೆಗಳು

ಹಳೆಯ 500 ಎಫ್/4 ಆಸೆ ಹುಟ್ಟಿಸುವ ಲೆನ್ಸ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ, ಎಫ್/6.3ಕ್ಕೆ ಹೋಲಿಸಿದರೆ ಎಫ್/4 ಸುಮಾರು ಎರಡೂವರೆ ಪಟ್ಟು. ಎಫ್/6.3ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 4000 ಬೇಕಾದ ಕಡೆ ಇದರಲ್ಲಿ 1600 ಸಾಕು. ಹಿನ್ನೆಲೆಯೂ ಹೆಚ್ಚು ಕರಗುತ್ತದೆ. ಆದರೆ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ, 125 ಮಿ.ಮೀ. ಬರುತ್ತದೆ. ಮುಂದಿನ ಗಾಜು ಕನಿಷ್ಠ ಅಷ್ಟು ಅಗಲ ಇರಲೇಬೇಕು. ಅದಕ್ಕೇ ಕ್ಯಾನನ್ನಿನ ಮೊದಲ ತಲೆಮಾರಿನ 500 ಎಫ್/4 ಐಎಸ್ ಆಗಲಿ, ನಿಕಾನ್‌ನ 500 ಎಫ್/4 ವಿಆರ್ ಆಗಲಿ ಸುಮಾರು 3.9 ಕೆ.ಜಿ. ತೂಗುತ್ತವೆ. ಕ್ಯಾಮೆರಾ, ಗಿಂಬಲ್ ಹೆಡ್ (ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸುವ ಹಿಡಿಕೆ), ಅದನ್ನು ಹೊರುವ ಟ್ರೈಪಾಡ್ ಎಲ್ಲ ಸೇರಿದರೆ ಎಂಟು ಕೆ.ಜಿ.ಯ ಆಸುಪಾಸು. ಒಂದೇ ಕಡೆ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವವರಿಗೆ ಇದು ಸರಿ. ನಡೆದಾಡುತ್ತ ಹಕ್ಕಿ ಹುಡುಕುವವರು ಇದನ್ನು ಕೆಲವು ವಾರಗಳಲ್ಲಿ ಕಪಾಟಿಗೆ ಸೇರಿಸುತ್ತಾರೆ. ಇನ್ನೊಂದು ಅಪಾಯ ರಿಪೇರಿಯದು. ತಯಾರಕರು ಬಿಡಿಭಾಗ ನಿಲ್ಲಿಸಿದ ಮಾದರಿಯಾದರೆ, ಒಳಗಿನ ಫೋಕಸ್ ಮೋಟರ್ ಕೆಟ್ಟ ದಿನ ಅದು ಕೈಯಲ್ಲಿ ತಿರುಗಿಸುವ ಲೆನ್ಸಾಗಿ ಉಳಿಯುತ್ತದೆ. ಆ ನಿರ್ದಿಷ್ಟ ಮಾದರಿಗೆ ಸರ್ವಿಸ್ ಇನ್ನೂ ಇದೆಯೇ ಎಂದು ವಿಚಾರಿಸದೆ ಹಣ ಕೊಡಬೇಡಿ.

300 ಎಫ್/4ಕ್ಕೆ 2ಎಕ್ಸ್ ಹಾಕುವುದನ್ನು ನಿಮ್ಮ ಮಟ್ಟಿಗೆ ಬಿಟ್ಟುಬಿಡಿ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತು ಚಿತ್ರ ಹಿಗ್ಗಿಸುವ 2ಎಕ್ಸ್ ಕನ್ವರ್ಟರ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು), ಲೆನ್ಸ್ 600 ಎಫ್/8 ಆಗುತ್ತದೆ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಎಫ್/5.6ರವರೆಗೆ ಕೆಲಸ ಮಾಡುವಂತೆ ರೂಪಿಸಿದ್ದು. ಎಫ್/8ರಲ್ಲಿ ಕೆಲವು ಬಾಡಿಗಳಲ್ಲಿ ನಡುವಿನ ಬಿಂದು ಮಾತ್ರ ಓಡುತ್ತದೆ, ಹಲವದರಲ್ಲಿ ಅದೂ ಹಿಂದೆ ಮುಂದೆ ತಡಕಾಡುತ್ತ ನಿಲ್ಲುತ್ತದೆ. ಮೇಲಾಗಿ ಕನ್ವರ್ಟರ್ ಲೆನ್ಸಿನ ದೋಷವನ್ನೂ ಎರಡು ಪಟ್ಟು ಹಿಗ್ಗಿಸುತ್ತದೆ. 1.4ಎಕ್ಸ್ ಆದರೆ ಮಾತು ಬೇರೆ. ಒಂದೇ ಸ್ಟಾಪ್ ನಷ್ಟ, 420 ಎಫ್/5.6, ಸ್ಪಷ್ಟತೆಯೂ ಬಹುಪಾಲು ಉಳಿಯುತ್ತದೆ. ನಿಕಾನ್‌ನ 300 ಎಫ್/4 ಪಿಎಫ್ (ಲೆನ್ಸನ್ನು ಹಗುರ ಮಾಡುವ ವಿಶೇಷ ಗಾಜಿನದು) ತೂಗುವುದು 755 ಗ್ರಾಂ ಮಾತ್ರ. ಭುಜನೋವು, ಬೆನ್ನುನೋವು ಇರುವವರಿಗೆ ಇಂಥ ಜೋಡಿ ನಿಜವಾದ ವರ. ಒಂದು ಎಚ್ಚರಿಕೆ: ಪಿಎಫ್ ಲೆನ್ಸ್‌ಗಳು ಎದುರು ಬೆಳಕಿನಲ್ಲಿ ಹೊಳೆಯುವ ಬಿಂದುಗಳ ಸುತ್ತ ಬಳೆಯಂಥ ಪ್ರಭೆ ಮೂಡಿಸಬಹುದು.

ಇನ್ನು ಜೂಮ್. ಸಿಗ್ಮಾ 150-600 ಕಂಟೆಂಪರರಿ 1930 ಗ್ರಾಂ, ಟ್ಯಾಮ್ರಾನ್ 150-600 ಜಿ2 ಸುಮಾರು 2 ಕೆ.ಜಿ., ನಿಕಾನ್ 200-500 ಎಫ್/5.6 ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 2.3 ಕೆ.ಜಿ. ಕೈಯಲ್ಲಿ ಹಿಡಿದು ಅರ್ಧ ದಿನ ತಿರುಗಾಡಬಹುದಾದ ತೂಕದ ಮೇಲಂಚು ಇದು. ಜೂಮಿನ ಬೆಲೆ ತಿಳಿಯುವುದು ದೊಡ್ಡ ಹಕ್ಕಿ ಹಾರಿದಾಗ. ರೆಕ್ಕೆಯಗಲ 95 ಸೆಂ.ಮೀ. ಇರುವ ಬೆಳ್ಳಕ್ಕಿ 30 ಮೀಟರ್‌ನಲ್ಲಿ ಹಾದುಹೋದರೆ 600ರಲ್ಲಿ ಅದು 19 ಮಿ.ಮೀ. ಅಗಲ ಬೀಳುತ್ತದೆ. 23.5ರ ಸೆನ್ಸರಿನಲ್ಲಿ ಸ್ವಲ್ಪ ತಪ್ಪಿದರೂ ರೆಕ್ಕೆಯ ತುದಿ ಕತ್ತರಿಸಿಹೋಗುತ್ತದೆ. 400ಕ್ಕೆ ಎಳೆದುಕೊಂಡರೆ ಫ್ರೇಮಿನ ಅರ್ಧ ತುಂಬುತ್ತದೆ, ಸುತ್ತ ಹಾರಲು ಜಾಗವೂ ಉಳಿಯುತ್ತದೆ. ಪ್ರೈಮ್ (ಜೂಮ್ ಆಗದ) ಲೆನ್ಸಿನವರಿಗೆ ಆ ಅವಕಾಶವಿಲ್ಲ.

ಮುಂದೆ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಕ್ಕೆ) ಹೋಗುವ ಯೋಚನೆ ಇದ್ದರೆ ಡಿಎಸ್‌ಎಲ್‌ಆರ್ ಲೆನ್ಸನ್ನು ಅದೇ ಕಂಪನಿಯ ಅಡಾಪ್ಟರ್ ಹಾಕಿ ಬಳಸಬಹುದು, ತಿರುಗುಮುರುಗು ಆಗುವುದಿಲ್ಲ. ಬೇರೆ ಕಂಪನಿ ತಯಾರಿಸಿದ ಲೆನ್ಸಾದರೆ ಅಡಾಪ್ಟರ್ ಮೇಲೆ ಫೋಕಸ್ ಸರಿಯಾಗಿ ಓಡುತ್ತದೆಯೇ ಎಂದು ನಿಮ್ಮ ಬಾಡಿಯಲ್ಲೇ ಹಾಕಿ ನೋಡಿ. ಈಗಲೇ ಮಿರರ್‌ಲೆಸ್ ಕೊಳ್ಳುವವರಿಗೆ ಸೋನಿ 200-600 ಮತ್ತು ನಿಕಾನ್ ಝಡ್ 180-600 ಒಳ್ಳೆಯ ಆಯ್ಕೆ. ಎರಡರಲ್ಲೂ ಜೂಮ್ ಮಾಡಿದಾಗ ಲೆನ್ಸ್ ಹೊರಗೆ ಚಾಚುವುದಿಲ್ಲ, ಹಾಗಾಗಿ ಕೈಯಲ್ಲಿ ತೂಕದ ಹದ ತಪ್ಪುವುದಿಲ್ಲ. ಕ್ಯಾನನ್ ಆರ್‌ಎಫ್ 100-500 ಕಾಲರ್ ಬಿಟ್ಟು 1370 ಗ್ರಾಂ, ಆದರೆ 500ರಲ್ಲಿ ಎಫ್/7.1, ಕನ್ವರ್ಟರ್ ಹಾಕಿದರೆ 300ಕ್ಕಿಂತ ಕೆಳಗೆ ಜೂಮ್ ತಿರುಗುವುದಿಲ್ಲ. ಅದೇ ಕಂಪನಿಯ 600 ಎಫ್/11 ಮತ್ತು 800 ಎಫ್/11 ಬಲು ಹಗುರ. ಇವುಗಳ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಬದಲಿಸಲಾಗುವುದಿಲ್ಲ, 800ರದ್ದು 6 ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದೂ ಇಲ್ಲ. ಬಿಸಿಲಿನಲ್ಲಿ ತೆರೆದ ನೀರಿನ ಹಕ್ಕಿಗಳಿಗೆ ಸರಿ, ಕಾಡಿನ ನೆರಳಿಗೆ ಬೇಡ.

ಕೊಳ್ಳುವಾಗ ಪರೀಕ್ಷೆ ಮಾಡಿಯೇ ಕೊಳ್ಳಿ. ಹತ್ತು ಹನ್ನೆರಡು ಮೀಟರ್ ದೂರದ ಗೋಡೆಗೆ ಸಣ್ಣ ಅಕ್ಷರದ ಕಾಗದಗಳನ್ನು ನಡುವೆ ಒಂದು, ಎಡಬಲ ಅಂಚಿಗೆ ಒಂದೊಂದು ಅಂಟಿಸಿ. ಟ್ರೈಪಾಡ್ ಮೇಲಿಟ್ಟು 2 ಸೆಕೆಂಡ್ ಟೈಮರಿನಲ್ಲಿ 600ರಲ್ಲಿ ಎಫ್/6.3 ಒಮ್ಮೆ, ಎಫ್/8 ಒಮ್ಮೆ ತೆಗೆಯಿರಿ. ಎಫ್/6.3ರಲ್ಲಿ ಚೂರು ಮೆತ್ತಗಿದ್ದು ಎಫ್/8ರಲ್ಲಿ ಬಿಗಿಯಾಗುವುದು ಈ ವರ್ಗದ ಲೆನ್ಸ್‌ಗಳಲ್ಲಿ ಸಹಜ. ಎಡ ಅಂಚು ಸ್ಪಷ್ಟ, ಬಲ ಅಂಚು ಮಸುಕು ಎಂದಾದರೆ ಮೊದಲು ಕ್ಯಾಮೆರಾ ಗೋಡೆಗೆ ನೇರವಾಗಿದೆಯೇ ನೋಡಿ. ನೇರವಾಗಿದ್ದೂ ಹಾಗೆಯೇ ಬಂದರೆ ಒಳಗಿನ ಗಾಜು ವಾಲಿದೆ, ಆ ಲೆನ್ಸ್ ಬಿಡಿ. ಆಮೇಲೆ ಪ್ರತಿ ಸಲ ಫೋಕಸ್ ಕದಲಿಸಿ ಹತ್ತು ಚಿತ್ರ ತೆಗೆಯಿರಿ. ಎಲ್ಲವೂ ಒಂದೇ ದಿಕ್ಕಿಗೆ, ಅಂದರೆ ಸದಾ ಮುಂದಕ್ಕೋ ಸದಾ ಹಿಂದಕ್ಕೋ ತಪ್ಪುತ್ತಿದ್ದರೆ ಡಿಎಸ್‌ಎಲ್‌ಆರ್‌ನ ಫೋಕಸ್ ಹೊಂದಾಣಿಕೆ ಮೆನುವಿನಲ್ಲಿ ಸರಿಮಾಡಬಹುದು. ಸಿಗ್ಮಾ, ಟ್ಯಾಮ್ರಾನ್‌ನವರ ಯುಎಸ್‌ಬಿ ಡಾಕ್‌ನಲ್ಲಿ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಬೇರೆ ಬೇರೆ ಜೂಮ್ ಮತ್ತು ದೂರಕ್ಕೆ ಬೇರೆ ಬೇರೆ ತಿದ್ದುಪಡಿಯನ್ನೂ ಹಾಕಬಹುದು. ಒಮ್ಮೆ ಮುಂದೆ ಒಮ್ಮೆ ಹಿಂದೆ ತಪ್ಪುವುದಕ್ಕೆ ತಿದ್ದುಪಡಿ ಇಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಹಿಡಿದು ಹಿಂದಿನಿಂದ ಮುಂದಿನಿಂದ ಎರಡೂ ಕಡೆ ನೋಡಿ: ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ.

ನೆರಳು, ತೂಕ, ಟ್ರೈಪಾಡ್

ದಟ್ಟ ನೆರಳಲ್ಲಿ ಎಫ್/6.3 ಸಾಲುತ್ತದೆಯೇ ಎಂಬುದಕ್ಕೆ ಉತ್ತರ ಹಕ್ಕಿಯ ಚಲನೆಯಲ್ಲಿದೆ. ಸುಮ್ಮನೆ ಕೂತ ಗೂಬೆಗೆ 1/125 ಸೆಕೆಂಡ್ ಸಾಕು. ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ತಗ್ಗಿಸುವ ಏರ್ಪಾಡು) ಹಾಕಿ ಐದಾರು ಚಿತ್ರದ ಗುಂಪು ಹೊಡೆದರೆ ಒಂದೆರಡು ಸ್ಪಷ್ಟವಾಗಿ ಸಿಗುತ್ತವೆ. ಮೊದಲನೆಯದಕ್ಕಿಂತ ಎರಡನೆಯದು ಮೂರನೆಯದು ಚೆನ್ನಾಗಿರುತ್ತವೆ, ಏಕೆಂದರೆ ಬಟನ್ ಒತ್ತುವ ಅದುರು ಮೊದಲನೆಯದರಲ್ಲಿ ಸೇರಿರುತ್ತದೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಪುಟ್ಟ ಹಕ್ಕಿಗೆ 1/1000 ಬೇಕು, ನೆರಳಲ್ಲಿ ಅದು ಐಎಸ್‌ಒ 6400ರ ಮೇಲೆ ಹೋಗುತ್ತದೆ. ಹೋಗಲಿ ಬಿಡಿ. ಸರಿಯಾಗಿ ಬೆಳಕು ತುಂಬಿದ ಐಎಸ್‌ಒ 6400ರ ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನ ನಾಯ್ಸ್, ಅಂದರೆ ಕಾಳುಕಾಳು, ಈಗಿನ ಸಾಫ್ಟ್‌ವೇರ್‌ಗಳು ಚೆನ್ನಾಗಿ ತೆಗೆಯುತ್ತವೆ. 1600ರಲ್ಲಿ ಕಪ್ಪಾಗಿ ತೆಗೆದು ಆಮೇಲೆ ಎತ್ತಿದರೆ ಅದಕ್ಕಿಂತ ಒಳ್ಳೆಯ ಫಲವೇನೂ ಸಿಗದು. ಅಲುಗಿದ ಚಿತ್ರವನ್ನಂತೂ ಯಾವ ಸಾಫ್ಟ್‌ವೇರ್ ಕೂಡ ನಿಜವಾಗಿ ಸರಿಮಾಡಲಾರದು. ಐಎಸ್‌ಒಗೆ ಹೆದರಿ ಶಟರ್ ಇಳಿಸುವುದು ಹೊಸಬರ ಅತಿ ಸಾಮಾನ್ಯ ತಪ್ಪು.

2 ಕೆ.ಜಿ. ಲೆನ್ಸಿಗೆ ಟ್ರೈಪಾಡ್ ಕಡ್ಡಾಯವಲ್ಲ. ನಡೆಯುವವರಿಗೆ ಮಾನೋಪಾಡ್, ಕಾರಿನ ಕಿಟಕಿಯ ಮೇಲೋ ನೆಲದ ಮೇಲೋ ಬೀನ್ ಬ್ಯಾಗ್ ಸಾಕು. ಕಾರಿನಲ್ಲಿದ್ದರೆ ಎಂಜಿನ್ ಆರಿಸಲೇಬೇಕು, ಅದರ ಕಂಪನ ನೇರ ಚಿತ್ರಕ್ಕೆ ಇಳಿಯುತ್ತದೆ. ಹಳೆಯ ಸ್ಟೆಬಿಲೈಸರ್‌ಗಳನ್ನು ಗಟ್ಟಿ ಟ್ರೈಪಾಡ್ ಮೇಲೆ ಆರಿಸಿಡಬೇಕು. ಇಲ್ಲವಾದರೆ ಇಲ್ಲದ ಅದುರನ್ನು ಹುಡುಕುತ್ತ ಅವೇ ಅದುರು ಹುಟ್ಟಿಸುತ್ತವೆ. ಕೈಯಲ್ಲಿ ಹಿಡಿಯುವಾಗ ಎಡಗೈಯನ್ನು ಲೆನ್ಸಿನ ಕೆಳಗೆ ಸಾಧ್ಯವಾದಷ್ಟು ಮುಂದೆ ಚಾಚಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ನಿಲ್ಲಿಸಿ ಬಟನ್ ಒತ್ತಿ. ಪಟ್ಟಿಯನ್ನು ಕ್ಯಾಮೆರಾಕ್ಕಲ್ಲ, ಲೆನ್ಸಿನ ಕಾಲರಿಗೆ ಕಟ್ಟಿ. 2 ಕೆ.ಜಿ. ತೂಕವನ್ನು ಕ್ಯಾಮೆರಾದ ಮೌಂಟ್ ದಿನವಿಡೀ ಹೊರಬಾರದು.

ಮಸುಕು ಎಲ್ಲಿಂದ ಬಂತು ಎಂದು ಓದುವುದು

ಹೊಸ ಲೆನ್ಸ್ ಕೊಳ್ಳುವ ಮೊದಲೇ ಇದನ್ನು ಕಲಿಯಿರಿ, ಈಗ ನಿಮ್ಮಲ್ಲಿರುವ ಚಿತ್ರಗಳಲ್ಲೇ ಕಲಿಯಬಹುದು. ಒಂದು ಚಿತ್ರವನ್ನು 100 ಶೇಕಡಾ ಹಿಗ್ಗಿಸಿ ಕಣ್ಣಿನ ಹೊಳಪು, ಕಾಲಿನುಗುರು, ಕೂತ ಕೊಂಬೆ ಮೂರನ್ನೂ ನೋಡಿ.

ಹೊಳಪಿನ ಚುಕ್ಕೆ ಒಂದೇ ದಿಕ್ಕಿಗೆ ಎಳೆದ ಗೆರೆಯಾಗಿದ್ದು, ಕೊಂಬೆಯೂ ಅದೇ ದಿಕ್ಕಿಗೆ ಜೋಡಿ ಅಂಚು ತೋರಿಸಿದರೆ ಕೈ ಅಲುಗಿದೆ. ಫೋಕಲ್ ಲೆಂತನ್ನು ಒಂದೂವರೆಯಿಂದ ಗುಣಿಸಿ ಬಂದ ಸಂಖ್ಯೆಗಿಂತ ನಿಧಾನದ ಶಟರ್ ಬೇಡ. 600ಕ್ಕೆ 900, ಅಂದರೆ 1/1000. ಸ್ಟೆಬಿಲೈಸರ್ ಇದ್ದರೆ ಕೂತ ಹಕ್ಕಿಗೆ ಇದಕ್ಕಿಂತ ಇಳಿಯಬಹುದು. ಕೊಂಬೆ ಸ್ಪಷ್ಟವಾಗಿದ್ದು ತಲೆ ಮಾತ್ರ ಮಸುಕಾಗಿದ್ದರೆ ಹಕ್ಕಿ ಅಲುಗಿದೆ. ಇದಕ್ಕೆ ಸ್ಟೆಬಿಲೈಸರ್ ಏನೂ ಮಾಡಲಾರದು, ಶಟರ್ ಒಂದೇ ದಾರಿ. ಹಾರುವ ದೊಡ್ಡ ಹಕ್ಕಿಗೆ 1/1600, ಪಾರಿವಾಳದಂಥ ವೇಗಿಗೆ 1/2500, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200 ಅಥವಾ ಮೇಲೆ.

ಹಕ್ಕಿ ಮಸುಕಾಗಿದ್ದು ಮುಂದಿನ ಎಲೆಯೋ ಹಿಂದಿನ ಹುಲ್ಲೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. 600ರಲ್ಲಿ ಎಫ್/6.3ರಲ್ಲಿ 6 ಮೀಟರ್ ದೂರದ ಹಕ್ಕಿಗೆ ಸಿಗುವ ಸ್ಪಷ್ಟ ಆಳ, ಫುಲ್ ಫ್ರೇಮಿನ ಸಾಮಾನ್ಯ ಅಳತೆಯಲ್ಲೂ, 4 ಸೆಂ.ಮೀ.ಗಿಂತ ಕಡಿಮೆ. ನಿಮ್ಮ ಸೆನ್ಸರಿನಲ್ಲಿ ಇನ್ನೂ ಕಡಿಮೆ. ಎದೆಗೆ ಫೋಕಸ್ ಕೂತರೆ ಕಣ್ಣು ಆಚೆ ಉಳಿಯುವಷ್ಟು ಕಿರಿದು. ಡಿಎಸ್‌ಎಲ್‌ಆರ್‌ನಲ್ಲಿ ನಿರಂತರ ಫೋಕಸ್ (ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ) ಹಾಕಿ, ಕೂತ ಹಕ್ಕಿಗೆ ಒಂದೇ ಬಿಂದುವನ್ನು ಕಣ್ಣಿನ ಮೇಲಿಡಿ. ಹಾರುವ ಹಕ್ಕಿಗೆ ಆಕಾಶ ಹಿನ್ನೆಲೆಯಾದರೆ ಬಿಂದುಗಳ ಗುಂಪು ಬಳಸಿ. ಎಲೆಗಳ ನಡುವೆ ಗುಂಪು ಬಳಸಿದರೆ ಕ್ಯಾಮೆರಾ ಹತ್ತಿರದ ಎಲೆಯನ್ನೇ ಆರಿಸುತ್ತದೆ. ಫೋಕಸನ್ನು ಶಟರ್ ಬಟನ್ನಿನಿಂದ ಬಿಡಿಸಿ ಹಿಂಬದಿಯ ಬಟನ್‌ಗೆ ಕೊಡಿ. ಹಕ್ಕಿಯ ಮುಂದೆ ಹುಲ್ಲು ತೂಗಾಡಿದಾಗ ಹೆಬ್ಬೆರಳು ಎತ್ತಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಲೆನ್ಸ್ ಪಕ್ಕದ ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ಹಕ್ಕಿಗಳಿಗೆ ದೂರದ ಕಡೆಗೆ ತಳ್ಳಿಡಿ, ತಡಕಾಟ ಬಹಳ ಕಡಿಮೆಯಾಗುತ್ತದೆ.

ನಾಲ್ಕನೆಯದು ಎಲ್ಲರನ್ನೂ ಹೆಚ್ಚು ಮೋಸಗೊಳಿಸುವ ಮಸುಕು, ಝಳ. ಏನೂ ಎಳೆದಂತಿಲ್ಲ, ಮುಂದೆ ಹಿಂದೆ ಯಾವುದೂ ಸ್ಪಷ್ಟವಿಲ್ಲ, ಗರಿಗಳೆಲ್ಲ ಉಣ್ಣೆಯಂತೆ ಕಾಣುತ್ತವೆ. ಒಂದೇ ಗುಂಪಿನ ಹತ್ತು ಚಿತ್ರಗಳಲ್ಲಿ ಒಂದೊಂದರಲ್ಲಿ ಅಂಚುಗಳು ಒಂದೊಂದು ರೀತಿ ಅಂಕುಡೊಂಕಾಗಿರುತ್ತವೆ. ಕಾದ ನೆಲದ ಗಾಳಿ ಮೇಲೇಳುವಾಗ ಬಿಸಿ ತಂಪು ಪದರಗಳು ಬೆರೆತು ಬೆಳಕನ್ನು ಕ್ಷಣಕ್ಷಣಕ್ಕೂ ಬೇರೆ ಬೇರೆ ಕಡೆ ಬಾಗಿಸುತ್ತವೆ. ಬಯಲು, ಮರಳು, ಡಾಂಬರು ರಸ್ತೆ, ಕೆಸರುಗದ್ದೆಗಳ ಮೇಲೆ ಬಿಸಿಲೇರಿದ ಮೇಲೆ ಇದು ತಪ್ಪದು. ಚಳಿಯ ಬೆಳಗಿನಲ್ಲೂ ಗಾಳಿಗಿಂತ ಬೆಚ್ಚಗಿರುವ ನೀರಿನ ಮೇಲೆ ಬರುತ್ತದೆ. ಶಟರ್ ಏರಿಸಿದರೂ, ಎಷ್ಟು ದೊಡ್ಡ ಲೆನ್ಸ್ ಹಾಕಿದರೂ ಝಳ ಹೋಗದು. ಹತ್ತಿರ ಹೋಗಬೇಕು, ಹೊತ್ತು ಬದಲಿಸಬೇಕು, ಇಲ್ಲವೇ ನೆಲದಿಂದ ಎತ್ತರದ ನೋಟ ಹುಡುಕಬೇಕು. ಬೆಚ್ಚಗಿನ ಕಾರಿನೊಳಗಿಂದ ತಂಪು ಹೊರಗಾಳಿಗೆ ಲೆನ್ಸ್ ಚಾಚಿದರೆ ಕಿಟಕಿಯಲ್ಲೇ, ಹುಡ್ (ಲೆನ್ಸಿನ ಮುಂದೆ ಹಾಕುವ ಕೊಳವೆ) ಒಳಗೇ ಪುಟ್ಟ ಝಳ ಹುಟ್ಟುತ್ತದೆ. ಹತ್ತು ಹದಿನೈದು ನಿಮಿಷ ಕಿಟಕಿಗಳನ್ನು ತೆರೆದಿಟ್ಟು ಒಳಹೊರಗಿನ ಬಿಸುಪು ಸಮವಾದ ಮೇಲೆ ಶುರುಮಾಡಿ.

ಈ ನಾಲ್ಕರಲ್ಲಿ ಯಾವುದೂ ಅಲ್ಲದೆ ಎಲ್ಲ ಚಿತ್ರವೂ ಮಂಕಾಗಿದ್ದರೆ ಮುಂದೆ ಹಾಕಿರುವ ಅಗ್ಗದ ಯುವಿ ಫಿಲ್ಟರ್ ತೆಗೆದು ನೋಡಿ. ಉದ್ದ ಲೆನ್ಸಿಗೆ ಅದು ಬೇಡ, ರಕ್ಷಣೆಗೆ ಹುಡ್ ಇದೆ.

ಎಕ್ಸ್‌ಪೋಷರ್‌ಗೆ ಮ್ಯಾನುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ನೀವೇ ಇಟ್ಟು ಐಎಸ್‌ಒ ಆಟೋಗೆ ಬಿಡುವುದು ಹಕ್ಕಿಗೆ ಅನುಕೂಲ. ಆದರೆ ಮೀಟರ್ ಎಲ್ಲವನ್ನೂ ನಡು ಬೂದಿಗೆ ಎಳೆಯುತ್ತದೆ ಎಂಬುದು ನೆನಪಿರಲಿ. ಬಿಳಿಯ ಆಕಾಶದ ಎದುರು ಕಪ್ಪು ಹಕ್ಕಿಯಾದರೆ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ನೀವು ಕೊಡುವ ತಿದ್ದುಪಡಿ) +1ರಿಂದ +2, ಕಪ್ಪು ಹಿನ್ನೆಲೆಯ ಮುಂದೆ ಬೆಳ್ಳಕ್ಕಿಯಾದರೆ -1ರ ಆಸುಪಾಸು. ಬಿಳಿ ಗರಿ ಒಮ್ಮೆ ಸುಟ್ಟು ಬೆಳ್ಳಗಾದರೆ ವಿವರ ಮತ್ತೆ ಸಿಗುವುದಿಲ್ಲ, ಆದ್ದರಿಂದ ಮಿನುಗುವ ಹೈಲೈಟ್ ಎಚ್ಚರಿಕೆಯನ್ನು ಚಾಲೂ ಇಡಿ.

ಹತ್ತಿರ ಹೋಗುವುದು

ಹಕ್ಕಿಗೆ ನಿಮ್ಮ ನಡಿಗೆ ಮುಖ್ಯ, ಬಟ್ಟೆಯ ಬಣ್ಣಕ್ಕಿಂತ ಹೆಚ್ಚು. ನೇರ ಅದರತ್ತ ನಡೆಯಬೇಡಿ, ಓರೆಯಾಗಿ ಅಡ್ಡಾದಿಡ್ಡಿ ಸಾಗಿ, ನಡುನಡುವೆ ನಿಂತು ಬೇರೆಡೆ ನೋಡಿ. ಮೇಯುವುದನ್ನು ಬಿಟ್ಟು ತಲೆಯೆತ್ತಿತು ಎಂದರೆ ಅಲ್ಲೇ ನಿಲ್ಲಬೇಕು. ಮತ್ತೆ ಮೇಯಲು ಶುರುಮಾಡಿದರೆ ಎರಡು ಹೆಜ್ಜೆ. ಮೈ ತಗ್ಗಿಸಿ, ಕತ್ತು ಚಾಚಿ, ಹಿಕ್ಕೆ ಹಾಕಿದರೆ ಮುಂದಿನ ಕ್ಷಣ ಹಾರುವ ಸಂಭವ ಹೆಚ್ಚು, ಶಟರ್ 1/2500ಕ್ಕೆ ಏರಿಸಿ ಸಿದ್ಧವಾಗಿ. ಇದಕ್ಕಿಂತ ಒಳ್ಳೆಯದು, ಹೋಗದೆ ಕಾಯುವುದು. ಮಿಂಚುಳ್ಳಿ, ಕಾಜಾಣ, ನೊಣಹಿಡುಕಗಳು ಬೇಟೆ ಮುಗಿಸಿ ಅದೇ ಕೊಂಬೆಗೆ ಮತ್ತೆ ಮತ್ತೆ ಬರುತ್ತವೆ. ಹಕ್ಕಿ ಹಾರಿಹೋದಾಗ ಆ ಕೊಂಬೆಗೆ ಹತ್ತಿರ, ಹಿನ್ನೆಲೆ ದೂರವಿರುವ ಕಡೆ ಕೂತುಬಿಡಿ. ಕೊಂಬೆ 8 ಮೀಟರ್, ಹಿಂದಿನ ಪೊದೆ 30 ಮೀಟರ್ ಇದ್ದರೆ ಎಫ್/6.3ರಲ್ಲೂ ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ. ಎಫ್/4 ಇಲ್ಲವೆಂಬ ಕೊರಗು ಅಲ್ಲಿಗೆ ಮುಗಿಯಿತು.

ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನಿಗೆ ಬರುವಂತೆ ನಿಂತರೆ ಅವು ನಿಮ್ಮತ್ತ ಮುಖಮಾಡಿ, ಮುಖಕ್ಕೆ ಬೆಳಕು ಬಿದ್ದು ಇಳಿಯುತ್ತವೆ. ಎರಡೂ ಒಂದೇ ಕಡೆಯಿಂದ ಬರುವ ಬೆಳಗು ಸಿಕ್ಕರೆ ಬೇರೆ ಕೆಲಸ ಬಿಟ್ಟಾದರೂ ಹೋಗಿ. ನೆಲದ ಹಕ್ಕಿಗೆ ನೆಲಕ್ಕೇ ಮಲಗಿ, ಲೆನ್ಸನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿ. ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಬೆನ್ನೂ ಕೆಸರೂ ಕಾಣುತ್ತವೆ, ಮಲಗಿ ತೆಗೆದದ್ದರಲ್ಲಿ ಹಕ್ಕಿ ಕಾಣುತ್ತದೆ.

ಗೂಡಿನ ಬಳಿ ಹೋಗಬೇಡಿ. ತಾಯಿಹಕ್ಕಿ ಎದ್ದುಹೋದರೆ ಮೊಟ್ಟೆ, ಮರಿಗಳು ಬಿಸಿಲಿಗೋ ಚಳಿಗೋ ಸಿಕ್ಕುತ್ತವೆ, ನಿಮ್ಮನ್ನು ನೋಡಿ ಕಾಗೆಗೂ ಗೂಡು ಗೊತ್ತಾಗುತ್ತದೆ. ಮರೆಯಾಗಿದೆ ಎಂದು ಗೂಡಿನ ಮುಂದಿನ ಎಲೆ ಕೀಳುವುದು ಕೊಲ್ಲುವುದಕ್ಕೆ ಸಮ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಎಲ್ಲೆಗೆ ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ. ಅಂಥ ಚಿತ್ರದಲ್ಲಿರುವುದು ಗಾಬರಿ.

ಖುಷಿಯ ಮಾತು

ಸಾವಿರ ಚಿತ್ರ ಎಂದಿರಿ. ಬೇಸರದ ಮೊದಲ ಕಾರಣ ಆ ಸಂಖ್ಯೆಯೇ ಎಂದು ನನ್ನ ಅನಿಸಿಕೆ. ಬರ್ಸ್ಟ್ ಮೋಡಿನಲ್ಲಿ ಬಟನ್ ಒತ್ತಿ ಹಿಡಿದವರು ಹಕ್ಕಿಯನ್ನು ನೋಡುವುದಿಲ್ಲ, ಸಂಜೆ ಕಂಪ್ಯೂಟರ್ ಮುಂದೆ ಒಂದೇ ಭಂಗಿಯನ್ನು ನೂರು ಸಲ ನೋಡುತ್ತಾರೆ. ಮೂರರಿಂದ ಐದು ಚಿತ್ರದ ಪುಟ್ಟ ಗುಂಪು ಹೊಡೆದು ಬೆರಳೆತ್ತಿ. ಹಕ್ಕಿ ತಲೆ ತಿರುಗಿಸಿದಾಗ, ಕಣ್ಣಿಗೆ ಬೆಳಕು ಬಿದ್ದಾಗ, ರೆಕ್ಕೆ ಚಾಚಿದಾಗ ಮಾತ್ರ ಮತ್ತೆ ಒತ್ತಿ. ಅದಕ್ಕೆ ಅದರ ಚಲನೆ ಮುಂಚೆಯೇ ಊಹಿಸುವಷ್ಟು ಪರಿಚಯ ಬೇಕು, ಪರಿಚಯ ಬೆಳೆದಂತೆ ಖುಷಿಯೂ ಮರಳುತ್ತದೆ. ದಿನಕ್ಕೊಂದು ಊರು ಸುತ್ತುವ ಬದಲು ಒಂದೇ ಕೆರೆದಂಡೆ, ಒಂದೇ ಹಣ್ಣಿನ ಮರ ಆರಿಸಿ ಹಲವು ವಾರ ಅಲ್ಲಿಗೇ ಹೋಗಿ. ಯಾವ ಹೊತ್ತಿಗೆ ಯಾವ ಹಕ್ಕಿ ಯಾವ ಕೊಂಬೆಗೆ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ. ಕುತ್ತಿಗೆಯಲ್ಲಿ ಒಂದು 8x42 ಬೈನಾಕ್ಯುಲರ್ ಇರಲಿ, ಬೆಳಕು ಕೆಟ್ಟಾಗ ಕ್ಯಾಮೆರಾ ಕೆಳಗಿಟ್ಟು ಬರೀ ನೋಡಿ. ಹಿಂದಿರುಗಿದ ಮೇಲೆ ಮೊದಲ ಸುತ್ತಿನಲ್ಲಿ ಕಣ್ಣು ಸ್ಪಷ್ಟವಿಲ್ಲದ್ದನ್ನೆಲ್ಲ ಅಳಿಸಿ, ಮರುದಿನ ಎರಡನೇ ಸುತ್ತಿನಲ್ಲಿ ಪ್ರತಿ ಭಂಗಿಗೆ ಒಂದೇ ಚಿತ್ರ ಉಳಿಸಿ.

ಲೆನ್ಸ್ ಕೈಗೆ ಬಂದ ಮೊದಲ ವಾರಗಳಲ್ಲಿ ಅಪರೂಪದ ಹಕ್ಕಿಗಳ ಬೆನ್ನು ಹತ್ತದೆ ಪಾರಿವಾಳ, ಕಾಗೆ, ಗುಬ್ಬಚ್ಚಿಗಳ ಮೇಲೆ ಕೈ ಪಳಗಿಸಿ. ನಿಮ್ಮ ಕ್ಯಾಮೆರಾದಲ್ಲಿ 600ರ ನೋಟ ಅಡ್ಡಲಾಗಿ ಎರಡು ಡಿಗ್ರಿ ಚಿಲ್ಲರೆ ಮಾತ್ರ, ಹಾರುವ ಹಕ್ಕಿ ಅದರಲ್ಲಿ ಸಿಗುವುದೇ ಮೊದಲ ಕಷ್ಟ. ಕಣ್ಣನ್ನು ಹಕ್ಕಿಯಿಂದ ತೆಗೆಯದೆ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ, 200-300ರಲ್ಲಿ ಹಿಡಿದು ಫೋಕಸ್ ಕೂತ ಮೇಲೆ ಜೂಮ್ ಚಾಚಿ. ಫೋಕಸ್ ಮುಂಚೆಯೇ ಸರಿಸುಮಾರು ಅದೇ ದೂರದ ಮರಕ್ಕೆ ಕೂರಿಸಿಟ್ಟರೆ ಹಕ್ಕಿ ಫ್ರೇಮಿಗೆ ಬಂದಾಗ ಕಾಣುತ್ತದೆ. ಇಲ್ಲವಾದರೆ ಪೂರ್ತಿ ಕರಗಿದ ಹಕ್ಕಿ ಎದುರೇ ಇದ್ದರೂ ಫ್ರೇಮಿನಲ್ಲಿ ಖಾಲಿ ಆಕಾಶವೇ ಕಾಣುತ್ತದೆ. ಜೂಮ್ ತಿರುಗಿಸುವ ದಿಕ್ಕು ಬೆರಳಿಗೆ ರೂಢಿಯಾಗುವವರೆಗೆ ದಿನಕ್ಕೆ ಹತ್ತು ನಿಮಿಷ ಪಾರಿವಾಳಗಳ ಹಿಂದೆ ಲೆನ್ಸ್ ತಿರುಗಿಸಿ. ಆಗ ಚಿತ್ರ ತೆಗೆಯಬೇಕೆಂದೂ ಇಲ್ಲ.